ಕೆಲಸಕ್ಕೆ ಬರುವ ಪಾತ್ರೆ

ಕ್ರಿಸ್‌ಮಸ್ಸಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ನಮ್ಮ ಬೀದಿಗೆ ಕಲಾಯಿ ಸಾಬರು ಬರುತ್ತಿದ್ದರು. ಬೇವಿನ ಮರದ ಕೆಳಗೆ ಸಣ್ಣ ಗುಣಿ ತೋಡಿ, ತಿದಿ ಹೂಡಿ, ಇದ್ದಲಿಗೆ ಬೆಂಕಿ ಕೊಟ್ಟು ಒಮ್ಮೆ 'ಕಲಾಯ್' ಎಂದು ಕೂಗಿದರೆ ಸಾಕು, ಮನೆಮನೆಯಿಂದ ಹಿತ್ತಾಳೆಯ ತಪ್ಪಲೆ, ಕೊಳಗ, ಬೋಗುಣಿಗಳು ಹೊರಬೀಳುತ್ತಿದ್ದವು. ಅವರ ಜತೆ ಬರುತ್ತಿದ್ದ ಹುಡುಗ ದೊಡ್ಡ ಪಾತ್ರೆಯೊಳಗೆ ಮರಳು ಹಾಕಿ, ಅದರೊಳಗೇ ನಿಂತು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತ ಕಾಲಿನಿಂದ ತಿಕ್ಕುತ್ತಿದ್ದ. ನಮಗೆ ಅದೊಂದು ನೃತ್ಯ. ಆಮೇಲೆ ಪಾತ್ರೆ ಬೆಂಕಿಗೆ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಮೂಗು ಸುಡುವ ಬಿಳಿ ಹೊಗೆ. ತವರದ ಕಡ್ಡಿ ತಾಕಿಸಿ ಬಟ್ಟೆಯಿಂದ ಸರ್ರನೆ ಒರಸಿದರೆ ಒಳಗೆಲ್ಲ ಬೆಳ್ಳಿ!

ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಹೊರಗೆ ಚಿನ್ನದ ಹಾಗೆ ಮಾಡುವುದು ಯಾರಿಗಾದರೂ ಬರುತ್ತದೆ. ಆದರೆ ಒಳಗಿನ ಕಲಾಯಿ ಹೋಗಿದ್ದರೆ ಅದರಲ್ಲಿ ಮಾಡಿದ ಹುಳಿಸಾರು ಕಿಲುಬು ಹಿಡಿದು ವಿಷವಾಗುತ್ತದೆ. "ಹೊರಗಿನ ಹೊಳಪು ನೋಡುವವರಿಗೆ, ಒಳಗಿನದು ಉಣ್ಣುವವರಿಗೆ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬೈಬಲ್ಲಿನಲ್ಲಿ ಪಾತ್ರೆಯ ಮಾತು ಬಂದಾಗಲೆಲ್ಲ ನನಗೆ ಇವತ್ತಿಗೂ ನೆನಪಾಗುವುದು ಆ ನವಸಾಗರದ ವಾಸನೆಯೇ.

ಪಾತ್ರೆಯ ಮಾತು ಈಗ ಬಂದದ್ದಕ್ಕೆ ಕಾರಣ ನಮ್ಮ ಸಭೆಯ ಹಿರಿಯರೊಬ್ಬರು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಭಾನುವಾರದ ಆರಾಧನೆಯಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಕಳೆದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ನೋಡಲು ಹೋಗಿದ್ದೆ. ಕುಶಲದ ಮಾತು ಮುಗಿದ ಮೇಲೆ ಅವರು ಗೋಡೆ ಕಡೆ ನೋಡುತ್ತ, "ಇನ್ನು ದೇವರಿಗೆ ನನ್ನಿಂದ ಏನಪ್ಪಾ ಉಪಯೋಗ?" ಎಂದರು. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ: "ಹಾಗನ್ನಬೇಡಿ ಮೇಷ್ಟ್ರೇ, ನೀವು ಮಲಗಿದಲ್ಲೇ ಪ್ರಾರ್ಥನೆ ಮಾಡಿದರೆ ಸಾಕು." ಅವರಿಗೆ ಸಿಟ್ಟು ಬಂತು. "ಅದು ಕೈಲಾಗದವರಿಗೆ ಎಲ್ಲರೂ ಕೊಡುವ ಕೆಲಸ" ಎಂದರು. ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಬಂದೆ.

ಮನೆಗೆ ಬಂದು ತೆಗೆದದ್ದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ. ಅದರ ಎರಡನೆಯ ಅಧ್ಯಾಯದಲ್ಲಿ ಒಂದು ದೊಡ್ಡ ಮನೆಯ ಚಿತ್ರವಿದೆ. ಅಲ್ಲಿ ಬೆಳ್ಳಿ ಬಂಗಾರದ ಪಾತ್ರೆಗಳೂ ಇವೆ, ಮರದವು, ಮಣ್ಣಿನವು ಸಹ ಇವೆ. ತನ್ನನ್ನು ಶುದ್ಧಮಾಡಿಕೊಂಡವನು ಪ್ರತ್ಯೇಕಿಸಲ್ಪಟ್ಟ ಪಾತ್ರೆಯಾಗುತ್ತಾನೆ, ಯಜಮಾನನಿಗೆ ಉಪಯೋಗಕ್ಕೆ ಬರುತ್ತಾನೆ, ಒಳ್ಳೆಯ ಕೆಲಸಕ್ಕೆಲ್ಲ ಸಿದ್ಧನಾಗಿರುತ್ತಾನೆ ಎಂಬುದು ಅಲ್ಲಿಯ ತಾತ್ಪರ್ಯ. ಮಣ್ಣಿನ ಪಾತ್ರೆ ಮೊದಲು ಬಂಗಾರವಾಗಲಿ ಎಂದು ಅಲ್ಲಿ ಹೇಳಿಲ್ಲ. ತೊಳೆದಿದ್ದರೆ ಸಾಕು. ಪರಿಶುದ್ಧತೆಗೆ ಹಳೆಯ ಒಡಂಬಡಿಕೆಯ ಹೀಬ್ರೂ ಮಾತಿನ ಮೂಲ ಅರ್ಥವೂ ಬೇರೆಯಾಗಿ ಎತ್ತಿಡುವುದು ಎಂದೇ. ಹಬ್ಬದ ಪಾತ್ರೆಯನ್ನು ಬೇರೆಯಾಗಿ ಅಟ್ಟದ ಮೇಲಿಡುತ್ತೇವಲ್ಲ, ಹಾಗೆ. ಆದರೆ ಎತ್ತಿಟ್ಟದ್ದು ಬಳಸುವುದಕ್ಕೇ ಹೊರತು ಅಟ್ಟದಲ್ಲಿ ಕೊಳೆಯುವುದಕ್ಕಲ್ಲ.

ಏನನ್ನು ತೊಳೆಯಬೇಕು? ನಾವು ಚಿಕ್ಕಂದಿನಲ್ಲಿ ಕೇಳಿದ ಪಟ್ಟಿಯಲ್ಲಿ ಸಿಗರೇಟು, ಇಸ್ಪೀಟು, ಸಿನಿಮಾ ಇದ್ದವು. ಪತ್ರದಲ್ಲಿ ಯೌವನದ ಆಸೆಗಳ ಹಿಂದೆಯೇ ಬರುವುದು ಜಗಳ! ಬುದ್ಧಿಯಿಲ್ಲದ ತರ್ಕಗಳನ್ನು ಬಿಡು, ದೇವರ ಸೇವಕ ಜಗಳಗಂಟನಾಗಬಾರದು, ಎದುರಾಡುವವರನ್ನೂ ಮೃದುವಾಗಿಯೇ ತಿದ್ದಬೇಕು ಎಂಬ ಎಚ್ಚರಿಕೆ. ನಾನು ಸಭೆಯ ಕಮಿಟಿಯಲ್ಲಿ ಮೂರು ವರ್ಷ ಇದ್ದವನು. ಫ್ಯಾನು ಯಾವ ಅಂಗಡಿಯಲ್ಲಿ ಕೊಳ್ಳಬೇಕು ಎಂಬ ವಿಷಯಕ್ಕೆ ಒಬ್ಬರ ಹತ್ತಿರ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದೆ. ಸಿಗರೇಟು ಮಾತ್ರ ಒಂದು ದಿನವೂ ಮುಟ್ಟಿದವನಲ್ಲ.

ಇರಲಿ. ಇಲ್ಲಿ 'ಉಪಯೋಗಕ್ಕೆ ಬರುವ' ಎಂಬುದಕ್ಕೆ ಗ್ರೀಕಿನಲ್ಲಿರುವ ಪದ 'ಯೂಕ್ರೆಸ್ಟೋಸ್'. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರೇ ಸಲ. ಒಂದು ಸಲ ಈ ಪಾತ್ರೆಗೆ. ಉಳಿದೆರಡು ಸಲ ಇಬ್ಬರು ಮನುಷ್ಯರಿಗೆ. ಆ ಇಬ್ಬರೂ ಯಾರೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಒಬ್ಬ ಗುಲಾಮ, ಇನ್ನೊಬ್ಬ ಕೆಲಸ ಅರ್ಧಕ್ಕೆ ಬಿಟ್ಟು ಹೋದವ.

ಗುಲಾಮನ ಹೆಸರು ಒನೇಸಿಮ. ಹೆಸರಿನ ಅರ್ಥವೇ 'ಪ್ರಯೋಜನಕಾರಿ'. ಆ ಕಾಲದಲ್ಲಿ ಗುಲಾಮರಿಗೆ ಇಂಥ ಹೆಸರಿಡುವುದು ವಾಡಿಕೆಯಾಗಿತ್ತು. ಎತ್ತಿಗೆ ಹೆಸರಿಟ್ಟ ಹಾಗೆ. ಅವನು ತನ್ನ ಧಣಿ ಫಿಲೆಮೋನನಿಂದ ದೂರವಾಗಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ, ಅಲ್ಲಿ ಕ್ರಿಸ್ತನ ವಿಶ್ವಾಸಿಯಾದ. ಪೌಲ ಅವನ ಕೈಯಲ್ಲೇ ಧಣಿಗೊಂದು ಪತ್ರ ಕೊಟ್ಟು ಕಳಿಸುತ್ತಾನೆ. ಇಪ್ಪತ್ತೈದೇ ವಚನಗಳ ಆ ಪತ್ರ ಪೌಲನ ಪತ್ರಗಳಲ್ಲೆಲ್ಲ ಚಿಕ್ಕದು. ಅದರಲ್ಲಿ ಹೆಸರಿನ ಮೇಲೆಯೇ ಒಂದು ಚಮತ್ಕಾರ: ಮೊದಲು ನಿನಗೆ ಕೆಲಸಕ್ಕೆ ಬಾರದವನಾಗಿದ್ದ, ಈಗ ನಿನಗೂ ನನಗೂ ಕೆಲಸಕ್ಕೆ ಬರುವವನು ಎಂಬರ್ಥದ ಮಾತು. ಜತೆಗೇ ಇನ್ನೂ ಒಂದು ಮಾತು: ಇನ್ನು ಮೇಲೆ ಅವನನ್ನು ಗುಲಾಮನೆಂದಲ್ಲ, ಪ್ರಿಯ ತಮ್ಮನೆಂದು ಒಳಗೆ ಕರೆದುಕೋ, ಅವನದೇನಾದರೂ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆ.

ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಓದಿದವರೂ ಇದ್ದರು. 1830ರ ದಶಕದಲ್ಲಿ ಅಮೆರಿಕದ ಜಾರ್ಜಿಯದಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಎಂಬ ಪಾದ್ರಿ, ತಾವೇ ತೋಟದ ಒಡೆಯರು, ಕಪ್ಪು ಗುಲಾಮರ ಸಭೆಗೆ ಇದೇ ಪತ್ರದ ಮೇಲೆ ಪ್ರಸಂಗ ಮಾಡಿದರು. ಧಣಿಗೆ ವಿಧೇಯರಾಗಿರಿ, ಓಡಿಹೋಗಬೇಡಿ ಎಂದು ಪೌಲನ ಸಾಕ್ಷಿ ಹಾಕಿ ಹೇಳಿದ್ದೇ ತಡ, ಕೇಳುತ್ತಿದ್ದವರಲ್ಲಿ ಅರ್ಧ ಜನ ಎದ್ದು ಹೊರಟುಹೋದರಂತೆ. ಇದನ್ನು ಬರೆದಿಟ್ಟವರು ಆ ಪಾದ್ರಿಯವರೇ. ಅಕ್ಷರ ಕಲಿಯಲು ಬಿಡದಿದ್ದ ಆ ಜನ ಪತ್ರವನ್ನು ಪಾದ್ರಿಗಿಂತ ಚೆನ್ನಾಗಿ ಓದಿದ್ದರು ಎಂದು ನನ್ನ ಅಭಿಪ್ರಾಯ. ದೇವರಿಗೆ ಉಪಯೋಗವಾಗುವುದು ಬೇರೆ, ಸಿಕ್ಕಿದವರ ಕೈಗೆಲ್ಲ ಬಳಕೆಯ ಸಾಮಾನಾಗುವುದು ಬೇರೆ. ಪತ್ರದ ಪಾತ್ರೆ ಮನೆಯ ಯಜಮಾನನದು. ನಮ್ಮ ಮನೆಗಳಲ್ಲಿ ಸೊಸೆಯಂದಿರಿಗೆ, ಸಭೆಗಳಲ್ಲಿ ಬಡ ಉಪದೇಶಿಗಳಿಗೆ 'ಸೇವೆ' ಎಂಬ ಮಾತು ಹೇಳಿ ದುಡಿಸಿಕೊಳ್ಳುವವರು ಈ ಜಾರ್ಜಿಯದ ಕಥೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಬ್ಬ ಮಾರ್ಕ. ಪೌಲ, ಬಾರ್ನಬರ ಮೊದಲನೆಯ ಸುವಾರ್ತಾ ಪ್ರಯಾಣದಲ್ಲಿ ಜತೆಗೆ ಹೊರಟ ಯುವಕ. ಪಂಫುಲ್ಯದ ಪೆರ್ಗೆಗೆ ಬಂದ ಮೇಲೆ ಇವರನ್ನು ಬಿಟ್ಟು ಯೆರೂಸಲೇಮಿಗೆ ವಾಪಸು ಹೋದ. ಕಾರಣ ಬರೆದಿಲ್ಲ. ಎರಡನೆಯ ಪ್ರಯಾಣಕ್ಕೆ ಬಾರ್ನಬ ಅವನನ್ನೇ ಮತ್ತೆ ಕರೆದುಕೊಂಡು ಹೋಗೋಣ ಎಂದ. ಪೌಲ ಸುತರಾಂ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಇಬ್ಬರು ಹಿರಿಯರೂ ಬೇರೆ ಬೇರೆ ದಾರಿ ಹಿಡಿದರು. (ಅಪೊಸ್ತಲರಿಗೂ ಕಮಿಟಿ ಜಗಳ ತಪ್ಪಿರಲಿಲ್ಲ ಎಂಬುದು ನನಗೊಂದು ಸಮಾಧಾನ.) ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಸೈಪ್ರಸಿಗೆ ಹೋದ. ಮುಂದೆ ತಿಮೊಥೆಯನ ಪತ್ರದ ಕೊನೆಯ ಅಧ್ಯಾಯದಲ್ಲಿ, ಸೆರೆಯಲ್ಲಿ ಬಹುತೇಕ ಒಂಟಿಯಾಗಿ ಉಳಿದ ಮುದುಕ ಪೌಲ, ತನ್ನ ಮೇಲಂಗಿ ತಾ, ಪುಸ್ತಕಗಳನ್ನು ತಾ ಎನ್ನುವ ನಡುವೆ, ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯೋಗಕ್ಕೆ ಬರುತ್ತಾನೆ ಎಂಬ ಅರ್ಥದ ಮಾತು ಹೇಳಿಸುತ್ತಾನೆ. ಅದೇ ಪದ. ನಡುವೆ ಮಾರ್ಕ ಏನು ಮಾಡಿದ, ಹೇಗೆ ತೊಳೆದುಕೊಂಡ ಎಂಬುದರ ವಿವರವಿಲ್ಲ. ಬಾರ್ನಬ ಅವನನ್ನು ಬಿಡಲಿಲ್ಲ ಎಂಬುದೊಂದೇ ಗೊತ್ತು. ಒಳಗೆ ನಿಂತು ತಿಕ್ಕುವವನೊಬ್ಬ ಬೇಕಲ್ಲ.

ಪಾತ್ರೆಯ ಮಾತು ಬಂದ ಮೇಲೆ ಪ್ಯಾರಿಸಿನ ಒಂದು ಅಡಿಗೆ ಮನೆಗೂ ಹೋಗಿ ಬರಬೇಕು. ನಿಕೊಲಾ ಹರ್ಮನ್ ಎಂಬ ಸಿಪಾಯಿ ಲೊರೇನ್ ಸೀಮೆಯವನು. ಮೂವತ್ತು ವರ್ಷಗಳ ಯುದ್ಧದಲ್ಲಿ ಗಾಯಗೊಂಡು ಕುಂಟನಾದ. ದೊಡ್ಡವರೊಬ್ಬರ ಮನೆಯಲ್ಲಿ ಆಳಾಗಿ ಸೇರಿದ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ಒಡ್ಡ ನಾನು ಎಂದು ಆಮೇಲೆ ತಾನೇ ಹೇಳಿಕೊಂಡ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠ ಸೇರಿ ಬ್ರದರ್ ಲಾರೆನ್ಸ್ ಆದ. ಮಠದವರು ಹಾಕಿದ್ದು ಅಡಿಗೆ ಮನೆಗೆ. ಅವನಿಗೆ ಸ್ವಭಾವತಃ ಅಡಿಗೆ ಮನೆ ಎಂದರಾಗದು! ಅಲ್ಲೇ ಸುಮಾರು ಹದಿನೈದು ವರ್ಷ ಕಳೆದ. ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರೆ, ಕುಂಟುಗಾಲಿನವನು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆ ತುದಿಯಿಂದ ಈ ತುದಿಗೆ ಹೋಗುತ್ತಿದ್ದ. ಇದು ನಿನ್ನ ಕೆಲಸ ಸ್ವಾಮಿ ಎಂದು ದೇವರಿಗೇ ಹೇಳಿ ಹೊರಡುತ್ತಿದ್ದನಂತೆ. ಒಬ್ಬರು ಅದು ಕೊಡು, ಇನ್ನೊಬ್ಬರು ಇದು ಕೊಡು ಎಂದು ಕೂಗುವ ಗದ್ದಲದಲ್ಲೂ ತನಗೆ ದೇವರ ಸನ್ನಿಧಿ ಪೂಜೆಯ ವೇಳೆಯಲ್ಲಿದ್ದಷ್ಟೇ ಹತ್ತಿರ ಎಂಬುದು ಅವನ ಅನುಭವ. ಬಾಣಲೆಯಲ್ಲಿ ಮೊಟ್ಟೆಯ ದೋಸೆ ಮಗುಚುವುದನ್ನೂ ದೇವರ ಪ್ರೀತಿಗೆ ಎಂದೇ ಮಾಡುತ್ತಿದ್ದ. ಕಾಲಿನ ಹುಣ್ಣು ಹೆಚ್ಚಾದ ಮೇಲೆ ಕುಳಿತು ಮಾಡುವ ಕೆಲಸ ಕೊಟ್ಟರು: ಮಠದವರ ಚಪ್ಪಲಿ ರಿಪೇರಿ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿ 1666ರಿಂದ ಬಂದು ಬಂದು ಅವನ ಮಾತು ಕೇಳಿ ಬರೆದಿಟ್ಟುಕೊಳ್ಳದಿದ್ದರೆ, 1691ರಲ್ಲಿ ಸತ್ತ ಈ ಅಡಿಗೆಯವನ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲ. ತಿಳಿಯದಿದ್ದರೂ ಅವನಿಗೇನೂ ನಷ್ಟವಿರಲಿಲ್ಲ ಬಿಡಿ.

ಇದೆಲ್ಲವನ್ನೂ ಹೊತ್ತುಕೊಂಡು ಎರಡು ವಾರದ ಮೇಲೆ ಮೇಷ್ಟ್ರ ಮನೆಗೆ ಹೋದೆ. ಒನೇಸಿಮನ ಕಥೆ ಅವರಿಗೆ ಗೊತ್ತಿತ್ತು. ಮಾರ್ಕನದೂ ಗೊತ್ತಿತ್ತು, ಎರಡೂ ಕಡೆ ಒಂದೇ ಪದ ಎಂಬುದು ಗೊತ್ತಿರಲಿಲ್ಲ. ಅದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು. ಲಾರೆನ್ಸನು ಪೀಪಾಯಿ ಮೇಲೆ ಉರುಳಿದ್ದಕ್ಕೆ ನಕ್ಕರು. ನಕ್ಕಾಗ ಬಾಯಿ ಒಂದು ಕಡೆಗೆ ಮಾತ್ರ ಹೋಗುತ್ತದೆ.

"ಅವೆಲ್ಲ ಸರಿ, ಈಗ ನನಗೆ ಹೊತ್ತಾಯಿತು, ಮಗು ಸ್ಕೂಲಿಂದ ಬಂತು" ಎಂದರು. ಮೊಮ್ಮಗಳು ಹಾರ್ಮೋನಿಯಂ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಎದುರು ಕುಳಿತಳು. ಮೇಷ್ಟ್ರು ದಿಂಬಿಗೆ ಒರಗಿ ಎಡಗೈಯಿಂದ ತಿದಿ ಒತ್ತತೊಡಗಿದರು. ಅವಳು ತನ್ನೆರಡೂ ಕೈಗಳಿಂದ ಮನೆಗಳನ್ನು ಹುಡುಕಿ ಹುಡುಕಿ ಒತ್ತಿದಳು. ಈ ಭಾನುವಾರ ಸಂಡೆ ಸ್ಕೂಲಿನಲ್ಲಿ ಅವಳೇ ನುಡಿಸಬೇಕಂತೆ. ಬೆರಳು ತಪ್ಪಿದಾಗಲೆಲ್ಲ ಮೇಷ್ಟ್ರು ಮಾತನಾಡದೆ ತಿದಿ ನಿಲ್ಲಿಸಿಬಿಡುತ್ತಿದ್ದರು.