ಕರಿಬೇವಿನ ಗಿಡದ ಅತಿಥಿ

ಹಿತ್ತಿಲಿನ ಕರಿಬೇವನ್ನು ಹುಳು ತಿಂದುದನ್ನು ಕಂಡೊಡನೆ ನಾವು ಔಷಧಿಯ ಡಬ್ಬಿಗೆ ಕೈಹಾಕುತ್ತೇವೆ. ಆಮೇಲೆ ಚಿಟ್ಟೆಗಳು ಕಾಣುತ್ತಿಲ್ಲವೆಂದು ಮರುಗುತ್ತೇವೆ. ಆ ಹುಳುವೇ ನಾಳೆಯ ಚಿಟ್ಟೆಯೆಂಬುದನ್ನು ಪುಸ್ತಕದಲ್ಲಿ ಓದಿದವರೂ ಹಿತ್ತಿಲಿನಲ್ಲಿ ಮರೆಯುತ್ತಾರೆ.

ನಿಂಬೆಯ ಚಿಟ್ಟೆ ಮೊಟ್ಟೆಯಿಡುವುದು ನಿಂಬೆ, ಕರಿಬೇವುಗಳ ಎಳೆಯ ಎಲೆಗಳ ಮೇಲೆ. ಮೊದಲು ಹಕ್ಕಿಯ ಹಿಕ್ಕೆಯಂತೆ ತೋರುವ ಮರಿಹುಳು ಬೆಳೆದ ಮೇಲೆ ಎಲೆಯ ಹಸುರನ್ನೇ ಉಡುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲುಗೊಂಬನ್ನು ಚಾಚಿ ಘಾಟು ವಾಸನೆ ಬೀರುತ್ತದೆ. ಬಳಿಕ ರೇಷ್ಮೆಯೆಳೆಯಿಂದ ಕಡ್ಡಿಗೆ ತನ್ನನ್ನು ಬಿಗಿದುಕೊಂಡು ಕೋಶವಾಗುತ್ತದೆ.

ಹೂಗಿಡ ನೆಟ್ಟರೆ ಚಿಟ್ಟೆ ಬಂದು ಮಧುವುಂಡು ಹೋದೀತು. ಹುಳುವಿಗೆ ಎಲೆ ಬಿಟ್ಟುಕೊಟ್ಟರೆ ಮಾತ್ರ ನಮ್ಮಲ್ಲಿ ಹುಟ್ಟೀತು. ಒಗ್ಗರಣೆಗೆ ನಾಲ್ಕು ಎಲೆ ಕಡಮೆಯಾದರೇನು? ಮಕ್ಕಳ ಕಣ್ಣೆದುರಿಗೆ ರೆಕ್ಕೆ ಬಿಚ್ಚುವ ಪಾಠವೊಂದು ದೊರೆಯುತ್ತದೆ.