ಕಾರಿನ ತುಕ್ಕು: ಮೊದಲು ತೆಗೆಯಬೇಕು, ಬಳಿಕ ಬಳಿಯಬೇಕು

ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇರುವ ಪುರಾತನ ಕಬ್ಬಿಣದ ಕಂಬವು ಮಲೆನಾಡಿನ ಜಡಿಮಳೆಯನ್ನು ತಲೆತಲಾಂತರದಿಂದ ಸಹಿಸಿ ನಿಂತಿದೆ. ನಮ್ಮ ಮನೆಯ ಮುಂದಿನ ಕಾರಿಗೆ ಆ ಭಾಗ್ಯವಿಲ್ಲ. ಅದರ ಹೊರಮೈ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಉಕ್ಕಿನ ತಗಡು. ಅದರ ರಕ್ಷಣೆ ಬಹುಮಟ್ಟಿಗೆ ಮೇಲಿನ ಬಣ್ಣವನ್ನೇ ನೆಚ್ಚಿಕೊಂಡಿದೆ.

ವಿಜಯನಗರ, ಬಸವೇಶ್ವರನಗರಗಳ ೩೦-೪೦ ಅಡಿಯ ನಿವೇಶನಗಳಲ್ಲಿ ಸ್ಥಳ ಸಾಲದೆ ಬೀದಿಯ ಮರದಡಿ ಕಾರು ನಿಲ್ಲಿಸುವವರು ಬಹುಮಂದಿ. ಉದುರಿದ ಎಲೆ, ಹೂಗಳು ಮುಂಭಾಗದ ಗಾಜಿನ ಬುಡದಲ್ಲಿ ಸೇರುತ್ತವೆ. ಕೆಸರು ಬಾಗಿಲಿನ ತಳದಲ್ಲಿ ನೀರು ಹರಿದುಹೋಗುವ ರಂಧ್ರಗಳನ್ನು ಮುಚ್ಚುತ್ತದೆ. ಬಣ್ಣ ಕಿತ್ತುಹೋದೆಡೆ ನೀರೂ ಗಾಳಿಯೂ ಕೂಡಿ ಉಕ್ಕನ್ನು ಮುಟ್ಟಿದರೆ ತುಕ್ಕು ಮೊದಲಾಗುತ್ತದೆ. ಅದು ಮೂಲ ಲೋಹಕ್ಕಿಂತ ಹೆಚ್ಚು ಸ್ಥಳ ಬೇಡುವುದರಿಂದ ಬಣ್ಣ ಗುಳ್ಳೆಯೇಳುತ್ತದೆ. ತುಕ್ಕು ಸಡಿಲವಾದ ವಸ್ತು. ತೇವವನ್ನು ಒಳಕ್ಕೆ ಬಿಡುತ್ತದೆ. ಆದ್ದರಿಂದ ಅದರ ಮೇಲೆಯೇ ಬಣ್ಣ ಬಳಿದರೆ ರೋಗ ಒಳಗೊಳಗೇ ಬೆಳೆಯುತ್ತದೆ.

ಮೇಲ್ಮೈಯ ತುಕ್ಕನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಮಳೆಯಿಲ್ಲದ ದಿನ ಆ ಭಾಗವನ್ನು ತೊಳೆದು ಪೂರ್ಣವಾಗಿ ಆರಿಸಬೇಕು. ೮೦ನೆಯ ಸಂಖ್ಯೆಯ ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ೨೪೦ ಹಾಗೂ ೪೦೦ರ ಕಾಗದಗಳಿಂದ ಸುತ್ತಲಿನ ಬಣ್ಣದ ಅಂಚನ್ನು ನಯಗೊಳಿಸಬೇಕು. ಧೂಳು, ಜಿಡ್ಡನ್ನು ಒರೆಸಿ ಅಂದೇ ಪ್ರೈಮರ್ ಲೇಪಿಸಬೇಕು. ಬರಿಯ ಉಕ್ಕು ಒಂದು ರಾತ್ರಿಯ ತೇವಕ್ಕೇ ಮತ್ತೆ ಕೆಂಪಾಗಬಲ್ಲದು. ಅದು ಒಣಗಿದ ಮೇಲೆ ಬಣ್ಣವನ್ನು ಎರಡು ಮೂರು ತೆಳು ಲೇಪಗಳಲ್ಲಿ ಕೊಡಬೇಕು. ಈ ಕೆಲಸವೆಲ್ಲ ಗಾಳಿಯಾಡುವ ಬಯಲಿನಲ್ಲಿ ನಡೆಯಲಿ.

ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ತಗಡು ಕುಸಿದರೆ ತುಕ್ಕು ಆಳಕ್ಕಿಳಿದಿದೆ ಎಂದು ತಿಳಿಯಬೇಕು. ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆಸುವುದು ಆತ್ಮವಂಚನೆ. ಟಿಂಕರಿಂಗ್ ಬಲ್ಲವರಿಂದ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿಸಬೇಕು. ಚಾಸಿಸ್ ಹಾಗೂ ಬ್ರೇಕಿನ ಕೊಳವೆಗಳ ತುಕ್ಕನ್ನು ಮೆಕ್ಯಾನಿಕ್ಕಿಗೆ ತೋರಿಸಲೇಬೇಕು. ಅದು ಮನೆಮಂದಿಯ ಪ್ರಾಣದ ಪ್ರಶ್ನೆ. ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕಿನ ತೆಳುಗೆಂಪು ಮಾತ್ರ ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಹೋಗುತ್ತದೆ. ಅದಕ್ಕೆ ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಸೋಕಿಸಬಾರದು.

ಖಾಸಗಿ ಕಾರಿಗೆ ೧೫ ವರ್ಷ ತುಂಬಿದಾಗ ತಪಾಸಣೆಯಾಗದೆ ನೋಂದಣಿಯ ನವೀಕರಣವಿಲ್ಲ. ರಾಜಾಜಿನಗರದ ಕೆಎ ೦೨ ಫಲಕ ಹೊತ್ತ ಹಳೆಯ ಕಾರುಗಳ ಒಡೆಯರು ಆ ದಿನದವರೆಗೆ ಕಾಯುವುದು ಬೇಡ. ಪ್ರತಿ ಮಳೆಗಾಲದ ಹಿಂದೆ ಮುಂದೆ ಬಾಗಿಲಿನ ತಳ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ನೆಲಹಾಸಿನ ಅಡಿ, ಇಷ್ಟನ್ನು ವಾಚಕ ಬಂಧುಗಳು ಕಣ್ಣಾರೆ ನೋಡಲಿ. ಇಂದು ನಾಣ್ಯದಗಲದ ಕಲೆಯನ್ನು ಉಜ್ಜಲು ಬೇಸರಿಸಿದರೆ, ನಾಳೆ ಬಾಗಿಲನ್ನೇ ಬದಲಿಸಬೇಕಾದೀತು.