ಉದ್ಘಾಟನೆ ಕಲ್ಲಿನ ಮೇಲೆ ಇಲ್ಲದ ಹೆಸರು

1/6
ಈ ಫೋಟೋದಾಗ ಇರೋದು ಒಂದು ಉದ್ಘಾಟನೆ ಕಲ್ಲು. ಹೆಸರುಗಳನ್ನ ಬೇಕಂತಲೇ ಅಳಿಸೀನಿ, ಯಾಕಂದ್ರ ತಕರಾರು ಆ ಹೆಸರುಗಳ ಮ್ಯಾಲಲ್ಲ. ಕಲ್ಲಿನ ಮೇಲೆ ಸಚಿವರು ಇದ್ದಾರೆ, ಶಾಸಕರು ಇದ್ದಾರೆ, ಎಂಜಿನಿಯರ್ ಇದ್ದಾರೆ, ಗುತ್ತಿಗೆದಾರನೂ ಇದ್ದಾನೆ. ಮರುದಿನದಿಂದ ಈ ಕಟ್ಟಡ ಯಾರು ನೋಡ್ಕೋತಾರ ಅನ್ನೋದು ಮಾತ್ರ ಎಲ್ಲೂ ಇಲ್ಲ. ಬೀದರ್, ಭಾಲ್ಕಿ, ಔರಾದ್, ಎಲ್ಲಿ ಬೇಕಾದ್ರೂ ಹೋಗಿ ಓದ್ರಿ.

ಹಾಸ್ಟೆಲ್ ಇದ್ರ ವಾರ್ಡನ್ ತಲೆಗೆ, ಕಾಲೇಜ್ ಇದ್ರ ಪ್ರಿನ್ಸಿಪಾಲ್ ತಲೆಗೆ, ಆಸ್ಪತ್ರೆ ಇದ್ರ ಡಾಕ್ಟರ್ ತಲೆಗೆ. ಪಾಠ ಹೇಳ್ಲಿಕ್ಕೆ ಬಂದವರು ಬೋರ್‌ವೆಲ್ ಮೋಟರ್ ಸುಟ್ಟಿದ್ದಕ್ಕ ಕೊಟೇಶನ್ ತರಿಸ್ಕೊಂಡು ಕೂಡ್ಬೇಕು. ಅವರಿಗೆ ಬರಲ್ಲ ಅಂತ ಬೈಯೋದು ಅನ್ಯಾಯ. ಅದು ಅವರ ವೃತ್ತಿನೇ ಅಲ್ಲ. ಕಟ್ಟಡ ನಡೆಸೋದು ಬೇರೆಯೇ ಒಂದು ವೃತ್ತಿ ಅಂತ ನಾವು ಒಪ್ಪದೇ ಇರೋದೇ ಇಲ್ಲಿನ ರೋಗ.

2/6
"ಏನ್ರೀ, ಕಸ ಹೊಡೆಯೋದಕ್ಕೂ ಸರ್ಟಿಫಿಕೇಟಾ?" ಈ ನಗಿ ಕೇಳಿ ಕೇಳಿ ಸಾಕಾಗ್ಯಾದ. ಫೆಸಿಲಿಟಿ ಮ್ಯಾನೇಜ್‌ಮೆಂಟ್ ಅಂದ್ರ ನಮ್ಮಲ್ಲಿ ಪೊರಕೆ ಮತ್ತು ವಾಚ್‌ಮನ್ ಅಷ್ಟೇ. ಜಗತ್ತಿನಾಗ ಹಂಗಿಲ್ಲ. ಅಮೆರಿಕದಲ್ಲಿ 1980ರಲ್ಲಿ ಹುಟ್ಟಿದ ಇಫ್ಮಾ ಅನ್ನೋ ಸಂಸ್ಥೆ 1992ರಿಂದ ಸಿಎಫ್‌ಎಂ ಅನ್ನೋ ಪರೀಕ್ಷೆ ನಡೆಸ್ತದ. ಅದರಾಗ 11 ಸಾಮರ್ಥ್ಯ ನೋಡ್ತಾರೆ: ದುರಸ್ತಿ ಮತ್ತು ನಿರ್ವಹಣೆ, ಅಪಾಯ ಅಂದಾಜು, ಹಣಕಾಸು, ಒಳಗಿರೋ ಜನರ ಅನುಕೂಲ, ಸಂವಹನ, ಹಿಂಗ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ 2016ರಲ್ಲಿ ಇದಕ್ಕಂತಲೇ 12ನೇ ಭಾಗ ಇಟ್ಟದ. ಅಂದ್ರ ದಿಲ್ಲಿಗೆ ಗೊತ್ತಾಗಿ ಎಷ್ಟೋ ವರ್ಷ ಆಯ್ತು. ಔರಾದ್‌ನ ಹಾಸ್ಟೆಲ್‌ನ ಜನರೇಟರ್ ರೂಮಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

3/6
ಬೀದರ್‌ನವರಿಗೆ ಇದನ್ನ ಹೊರಗಿನವರು ಬಂದು ಕಲಿಸಬೇಕಾ? ಈ ಫೋಟೋ ಮಹಮೂದ್ ಗವಾನ್ ಮದರಸಾ. 1472ರದು. ಮುಂದಿನ ಒಂದು ಮಿನಾರು ಅದ, ಇನ್ನೊಂದಿಲ್ಲ. ಶತಮಾನ ಕಳೆದು ತಾನೇ ಬಿದ್ದದ್ದಲ್ಲ ಅದು. ಮೊಘಲರ ಕಾಲಕ್ಕ, 17ನೇ ಶತಮಾನದ ಕೊನಿಗೆ, ಓದೋ ಕೋಣೆಗಳಾಗ ಮದ್ದುಗುಂಡು ತುಂಬಿದ್ರು. ಅದು ಸಿಡಿದು ಕಟ್ಟಡದ ಒಂದು ಭಾಗನೇ ಹಾರಿ ಹೋಯ್ತು. ಓದಲಿಕ್ಕೆ ಕಟ್ಟಿದ ಜಾಗ ಗೋದಾಮು ಆದಾಗ ಅಪಾಯ ಲೆಕ್ಕ ಹಾಕೋರು ಯಾರೂ ಇರಲಿಲ್ಲ. ಇವತ್ತು ಹಳೇ ಬೆಂಚು, ಗಾದಿ, ಪೇಂಟ್ ಡಬ್ಬಿಗಳನ್ನ ಮೀಟರ್ ಬೋರ್ಡ್ ಕೆಳಗ ಒಟ್ಟೋರು ಮಾಡ್ಲಾಕತ್ತಿದ್ದೂ ಅದೇ.

ಅದೇ ಊರಾಗ ನೌಬಾದ್‌ನ ಸುರಂಗ ಬಾವಿ ನೋಡ್ರಿ. ಬಹಮನಿ ಕಾಲದ್ದು, ಪರ್ಷಿಯಾದ ಕನಾತ್ ಪದ್ಧತಿ. ನೆಲದ ಕೆಳಗ ಕಾಲುವೆ, ಅಲ್ಲಲ್ಲಿ ಮೇಲಕ್ಕೆ ತೆರೆದ ಬಾಯಿಗಳು. ಆ ಬಾಯಿಗಳು ಶೋಕಿಗಲ್ಲ. ಅಗೆಯಲಿಕ್ಕೂ ಅವೇ, ಒಳಗ ಗಾಳಿ ಆಡಲಿಕ್ಕೂ ಅವೇ, ಮುಂದೆ ಇಳಿದು ಹೂಳು ತೆಗೀಲಿಕ್ಕೂ ಅವೇ. ಕಟ್ಟುವಾಗಲೇ ಮುಂದಿನ ದುರಸ್ತಿ ಮಾಡೋನನ್ನ ನೆನಪಿಟ್ಟು ಕಟ್ಟಿದ್ರು. ನಾವು ಈಗ ನೀರಿನ ಟ್ಯಾಂಕಿಗೆ ಏಣಿ ಇಡೋದೂ ಮರೀತೀವಿ.

4/6
ಇದು ಬರೀ ಶಿಸ್ತಿನ ಮಾತಲ್ರಿ, ಜೀವದ ಮಾತು. 2021ರ ಜನವರಿ 9ರಂದು ಪಕ್ಕದ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶು ವಾರ್ಡಿಗೆ ಬೆಂಕಿ ಬಿದ್ದು 10 ಕೂಸುಗಳು ಸತ್ತವು. ಅದೇ ವರ್ಷ ಮೇ ತಿಂಗಳ ಮೊದಲ ವಾರ ನಮ್ಮದೇ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯಾಗಿ, ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡ್ರು. ಎರಡೂ ಕಡೆ ಡಾಕ್ಟರ್ ಇದ್ರು, ನರ್ಸ್ ಇದ್ರು, ಕಟ್ಟಡ ಇತ್ತು. ವೈರಿಂಗು, ಹೊಗೆ ಅಲಾರ್ಮು, ಸಿಲಿಂಡರ್ ದಾಸ್ತಾನು ಇವನ್ನ ದಿನಾ ನೋಡಿ ಸಹಿ ಹಾಕಬೇಕಾದ ತರಬೇತಾದ ಮನುಷ್ಯನ ಬಗ್ಗೆ ಮಾತ್ರ ಯಾರೂ ಗಂಭೀರವಾಗಿ ಕೇಳಲ್ಲ.

ಶೌಚದ ಗುಂಡಿ ಮಾತಂತೂ ಇನ್ನೂ ಕೆಟ್ಟದ್ದು. ರಕ್ಷಣಾ ಸಾಧನ ಇಲ್ಲದೇ ಮನುಷ್ಯನನ್ನ ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಲಿಕ್ಕೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಸತ್ರ ಕುಟುಂಬಕ್ಕ 30 ಲಕ್ಷ ಕೊಡಬೇಕಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳ್ಯಾದ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ತತ್ತಿ ಹಂಗ ನಾರ್ತದ, ಹೆಚ್ಚಾದಾಗ ಮೂಗನ್ನೇ ಸಾಯಿಸಿಬಿಡ್ತದ. ವಾಸನೆ ಹೋಯ್ತು ಅಂತ ಇಳಿದವ ಮೇಲೆ ಬರಲ್ಲ. ಇಷ್ಟು ಗೊತ್ತಿರದವನ ಕೈಯಾಗ ಮೇಲ್ವಿಚಾರಣೆ ಕೊಟ್ಟವರನ್ನ ಏನಂತ ಕರೀಬೇಕು?

5/6
ಈಗ ಸಿಟ್ಟು ಬರೋ ಮಾತು. "ನಮ್ಮ ಹುಡುಗರಿಗೆ ಅನುಭವ ಅದ, ಕಾಗದ ಯಾಕ?" ಅನ್ನೋರು ಯಾರು ಗೊತ್ತೇನ್ರಿ? ಹೆಚ್ಚಾಗಿ ಏಜೆನ್ಸಿಯವರು. ಯಾಕಂದ್ರ ಕಾಗದ ಇಲ್ಲದವನಿಗೆ ಕನಿಷ್ಠ ಕೂಲಿ ಕೊಟ್ರ ಸಾಕು. ಭಾಲ್ಕಿ, ಔರಾದ್ ಕಡೆ ಹುಡುಗರು ಹೈದರಾಬಾದ್‌ಗೆ, ಪುಣೆಗೆ ಹೋಗ್ತಾರೆ. ದೊಡ್ಡ ದೊಡ್ಡ ಐಟಿ ಕಟ್ಟಡಗಳ ಚಿಲ್ಲರ್, ಪಂಪು, ಜನರೇಟರ್ ಎಲ್ಲಾ ಇವರ ಕೈಯಾಗೇ. ಅಲ್ಲಿ ಅವ ಟೆಕ್ನಿಷಿಯನ್. ಅಪ್ಪ ಅವ್ವಗ ವಯಸ್ಸಾಯ್ತು ಅಂತ ವಾಪಸ್ ಬಂದ್ರ ಇಲ್ಲಿ ಅವ 'ಆ ಮೋಟರ್ ಹುಡುಗ'. ಅದೇ ಕೈ, ಅದೇ ಕೆಲಸ, ತೋರಿಸಲಿಕ್ಕೆ ಒಂದು ಹಾಳೆ ಇಲ್ಲ.

ಹಂಗಂತ ಸರ್ಟಿಫಿಕೇಟ್ ಮಾರೋ ಅಂಗಡಿಗಳ ಪರ ಮಾತಾಡ್ಲಾಕತ್ತಿಲ್ಲ ನಾನು. ಎರಡು ದಿನ ಕೂಡಿಸಿ, ಗ್ರೂಪ್ ಫೋಟೋ ತೆಗೆದು, ಟೀ ಶರ್ಟ್ ಕೊಟ್ಟು ಕಳಿಸೋ ತರಬೇತಿಯಿಂದ ಒಂದು ಫ್ಯೂಸೂ ರಿಪೇರಿ ಆಗಲ್ಲ. ಡಾಲರ್ ಫೀಸಿನ ಇಂಗ್ಲಿಷ್ ಪರೀಕ್ಷೆ ಔರಾದ್‌ನ ಐಟಿಐ ಹುಡುಗನ ಮುಂದೆ ಇಡೋದೂ ಒಂದು ಥರ ಬಾಗಿಲು ಹಾಕಿದ ಹಂಗೇ. ಪರೀಕ್ಷೆ ಕನ್ನಡದಾಗ ಆಗಬೇಕು, ಕಟ್ಟಡದಾಗೇ ಆಗಬೇಕು. ಕರೆಂಟ್ ತೆಗೀತೀವಿ, ಜನರೇಟರ್‌ಗೆ ಲೋಡ್ ಬದಲಿಸಿ ತೋರ್ಸು. ಟ್ಯಾಂಕಿನ ನೀರಾಗ ಉಳಿದ ಕ್ಲೋರಿನ್ ಲೀಟರ್‌ಗೆ 0.2 ಮಿಲಿಗ್ರಾಂ ಅದನೋ ಇಲ್ಲೋ ಅಳೆದು ಹೇಳು. ಬೆಂಕಿ ಆರಿಸೋ ಸಿಲಿಂಡರಿನ ಮುಳ್ಳು ಹಸಿರಿನಾಗ ಇಲ್ಲ ಅಂದ್ರ ಯಾರಿಗೆ, ಹೆಂಗ ಬರೀತಿ? ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ. ಗೊತ್ತಿದ್ದವರು ಬಾಳ ಮಂದಿ ಅವರ, ಮೇಲಿನವರಿಗೆ ಬರೆದು ಕೊಡೋ ಧೈರ್ಯ ಮತ್ತು ಅಧಿಕಾರ ಯಾರಿಗೂ ಇಲ್ಲ.

6/6
371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಗೆ ಸಾವಿರಾರು ಕೋಟಿ ಬರ್ತದ, ಕಟ್ಟಡಗಳೂ ಏಳ್ತಾವ. ಒಳ್ಳೇದೇ. ಅದರಾಗ ಒಂದು ಪಾಲು ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಾಗ ಇಂಥ ಪರೀಕ್ಷೆಗೆ ಇಡ್ರಿ. ಕಲಿತ ಕೆಲಸಕ್ಕ ಮಾನ್ಯತೆ ಕೊಡೋ ಆರ್‌ಪಿಎಲ್ ಪದ್ಧತಿ ಕೌಶಲ ಯೋಜನೆಯೊಳಗ ಆಗಲೇ ಅದ, ಹೊಸದಾಗಿ ಏನೂ ಹುಟ್ಟಿಸಬೇಕಿಲ್ಲ. ಹೊರಗುತ್ತಿಗೆ ಟೆಂಡರಿನಾಗ ಬರೀರಿ: ಇಷ್ಟು ದೊಡ್ಡ ಕಟ್ಟಡಕ್ಕೆ ಪಾಸಾದವರು ಇಷ್ಟು ಮಂದಿ, ಅವರ ಪಗಾರ ಇಷ್ಟು. ಪಗಾರ ಬರೀದೇ ಬರೀ ಅರ್ಹತೆ ಬರದ್ರ ಹುಡುಗರ ಮೇಲೆ ಇನ್ನೊಂದು ಭಾರ ಹೊರಿಸಿದಂಗ. ಸರ್ಟಿಫಿಕೇಟ್ ಅವನ ಹೆಸರಿಗೇ ಇರಬೇಕು, ಏಜೆನ್ಸಿ ಬದಲಾದ್ರೂ ಅವನ ಜೋಡಿನೇ ಹೋಗಬೇಕು.

ನಿಮ್ಮ ಮಕ್ಕಳು ಇರೋ ಹಾಸ್ಟೆಲ್‌ಗೆ ಈ ಸಲ ಹೋದಾಗ ಜನರೇಟರ್ ಕೊನೇ ಸಲ ಯಾವಾಗ ಓಡಿಸಿದ್ರು, ಟ್ಯಾಂಕ್ ಯಾವಾಗ ತೊಳೆದ್ರು ಅಂತ ಕೇಳ್ರಿ. ಉತ್ತರ ಕೊಟ್ಟವರ ಹುದ್ದೆ ಏನು ಅನ್ನೋದನ್ನ ಬರೆದು ಕಳಿಸ್ರಿ, ಹೆಸರು ಬ್ಯಾಡ. ಮುಂದಿನ ಸರಣಿ ಅದರ ಮೇಲೇ.

#ಬೀದರ್ #ಭಾಲ್ಕಿ #ಔರಾದ್ #ಕಲ್ಯಾಣಕರ್ನಾಟಕ #ಕಟ್ಟಡನಡೆಸೋರು